ಮೂರಡಿ ಸಂದಿ, ಒಂದೇ ದಿನದ ಪರವಾನಗಿ

ಹುಣಸೆಹಣ್ಣು ಬಡಿಯುತ್ತಿದ್ದೆವು. ಹುಲಿಕುಂಟೆ ಕಡೆಯಿಂದ ತರಿಸಿದ ಒಂದು ಮೂಟೆ ಹಣ್ಣನ್ನು ಎರಡು ದಿನ ಬಿಸಿಲಿಗೆ ಹಾಕಿ, ಮೂರನೆಯ ದಿನ ನಾನೂ ಪಕ್ಕದ ಮನೆಯಾಕೆಯೂ ಹಿತ್ತಲಿನ ಚಪ್ಪಡಿಕಲ್ಲಿನ ಆಚೆ ಈಚೆ ಕೂತಿದ್ದೆವು. ನಾನು ಸುತ್ತಿಗೆಯಲ್ಲಿ ಬಡಿದು ಬೀಜ ಬಿಡಿಸುವುದು, ಅವಳು ನಾರು ಎಳೆದು ಉಪ್ಪು ಬೆರೆಸಿ ಉಂಡೆ ಕಟ್ಟುವುದು. ನಾನು ಈ ಶಿರಾಕ್ಕೆ ಸೊಸೆಯಾಗಿ ಬಂದು ಎರಡು ವರ್ಷಕ್ಕೆ ಅವಳೂ ಪಕ್ಕದ ಮನೆಗೆ ಸೊಸೆಯಾಗಿ ಬಂದಳು. ಅಂದಿನಿಂದ ಪ್ರತಿ ಬೇಸಿಗೆ ಮೂಟೆಯಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ.

ಆಗ ಅವರ ರಂಜಾನ್ ತಿಂಗಳು ನಡೆಯುತ್ತಿತ್ತು. ಬೆಳಗಿನಿಂದ ಅವಳ ಬಾಯಿಗೆ ನೀರಿರಲಿಲ್ಲ.

"ರೋಜಾ ಇಟ್ಕಂಡಿರೋಳ ಮುಂದೆ ಹುಣ್ಸೆಹಣ್ಣು ಗುಡ್ಡೆ ಹಾಕಿದೀರಲ್ಲಕ್ಕಾ, ನಿಮ್ ಶಿವ ಇದುನ್ನ ಬರ್ಕಂತಾನೆ ನೋಡ್ತಿರಿ" ಅಂದಳು.

"ನಾನೇನು ಕರುದ್ನಾ, ನೀನಾಗೇ ಬಂದು ಕುಂತೆ. ಉಗುಳು ನುಂಗ್ಕಂಡು ಕೆಲ್ಸ ಮಾಡು."

"ಉಗುಳು ನುಂಗುದ್ರೆ ತಪ್ಪಿಲ್ಲಂತೆ. ಆದ್ರೆ ಇಷ್ಟೊಂದಾ?"

ಇಬ್ಬರೂ ನಗುತ್ತಿದ್ದಾಗ ಕಟ್ಟೆಯ ಮೇಲಿದ್ದ ನನ್ನ ಫೋನು ಸದ್ದು ಮಾಡಿತು. ನನ್ನ ಎರಡು ಕೈಯೂ ಮೊಣಕೈವರೆಗೆ ಅಂಟು. ಅವಳ ಬೆರಳಿಗೆ ಹಾಸಿಗೆ ಹೊಲಿಯುವ ದಬ್ಬಳ ಚುಚ್ಚಿದ್ದರಿಂದ ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡಿದ್ದಳು. ಅದನ್ನು ಬಿಚ್ಚಿದರೆ ಕೈ ಶುದ್ಧ. "ನೀನೇ ತೆಗ್ದು ಓದೆ" ಅಂದೆ.

ತೆಗೆದಳು. ನನ್ನ ತಮ್ಮ ಕಳಿಸಿದ್ದ. ಮನೆ ಕಟ್ಟುವುದಕ್ಕೆ ಪರವಾನಗಿ ಬಂದಿತ್ತು. ಅವನು ಅರ್ಜಿ ಹಾಕಿದ್ದು ಹಿಂದಿನ ದಿನ ಬೆಳಿಗ್ಗೆ.

ನಾನು ಸುತ್ತಿಗೆ ಕೆಳಗಿಟ್ಟು ಅಂಟು ಕೈಯನ್ನೇ ಜೋಡಿಸಿ ಕಣ್ಣು ಮುಚ್ಚಿದೆ. ನಮ್ಮದು ಮಣ್ಣಿನ ಮಾಳಿಗೆ ಮನೆ, ಮಾವನವರ ತಂದೆಯ ಕಾಲದ್ದು. ಅಡಿಗೆಮನೆಯ ತೊಲೆ ಗೆದ್ದಲು ತಿಂದು ಬಾಗಿ, ಅದಕ್ಕೊಂದು ನೀಲಗಿರಿ ಕಂಬ ಕೊಟ್ಟಿದ್ದೆವು. ಮಳೆ ಬಂದರೆ ಒಲೆಯ ಮೇಲೆ ಮಣ್ಣುನೀರು. ಹತ್ತು ವರ್ಷದಿಂದ ನಾನು ಬೆಳಗಿನ ಲಿಂಗಪೂಜೆಯಲ್ಲಿ ಬೇರೆ ಏನೂ ಕೇಳಿಕೊಂಡಿಲ್ಲ, ಸೋರದ ಸೂರು ಕೊಡಪ್ಪ ಅಂತ ಬಿಟ್ಟರೆ. ಮುಂಗಾರಿಗೆ ಮುಂಚೆ ಸೂರು ಬೀಳುತ್ತದೆ ಅಂದರೆ ಅದು ಸಣ್ಣ ಕೃಪೆಯಲ್ಲ.

"ಸ್ಲ್ಯಾಬ್ ಹಾಕೋ ದಿವ್ಸ ನಮ್ಮನೇಲಿ ಶ್ಯಾವಿಗೆ ಪಾಯಸ ಮಾಡಿ ಕೂಲಿಯೋರ್ಗೆಲ್ಲ ಹಾಕ್ತೀನಿ" ಅಂದಳು ಪಕ್ಕದಾಕೆ. ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲೇ ಓದಿದವಳು. ನನಗಿಂತ ಸರಾಗ ಓದುತ್ತಾಳೆ. ಖುಷಿಯಲ್ಲೇ ಶುರು ಮಾಡಿದಳು. ಮಾಲೀಕರ ಹೆಸರು, ಅದು ನನ್ನದು. ಅಳತೆ ಮೂವತ್ತಕ್ಕೆ ನಲವತ್ತು. ನೆಲಮಹಡಿ, ಮೇಲೊಂದು. ಆಮೇಲೆ ನಕ್ಷೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಅದರ ಕೆಳಗಿನ ಪುಟಕ್ಕೆ ಹೋದಳು. ಓದು ನಿಂತಿತು. ನಾನು ಇನ್ನೂ ನಾಲ್ಕೈದು ಹಣ್ಣು ಬಡಿದೆ.

"ಮುಂದಕ್ಕೇನೈತೆ?" ಅಂದೆ.

ಫೋನನ್ನು ಕಟ್ಟೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. "ನಮಾಜಿನ ಹೊತ್ತಾಯ್ತಕ್ಕಾ" ಅಂದು ಎದ್ದಳು. ಮಸೀದಿಯಲ್ಲಿ ಇನ್ನೂ ಕೂಗಿರಲಿಲ್ಲ. ಅದು ನನಗೆ ತಿಳಿದಿತ್ತು, ಆದರೆ ಮನಸ್ಸಿಗೆ ಹತ್ತಲಿಲ್ಲ. ಸಂದಿಯಲ್ಲಿ ನಡೆದು ಅವಳ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

ಆ ಸಂದಿಯ ವಿಷಯ ಹೇಳಬೇಕು. ನಮ್ಮ ಎರಡು ಮನೆಗಳ ನಡುವೆ ಮೂರಡಿ ಅಗಲದ ದಾರಿ. ಅವರ ಮನೆಯ ಮುಂಭಾಗ ಪೂರ್ತಿ ಹಾಸಿಗೆ ಅಂಗಡಿ. ಹತ್ತಿ ಹಿಂಜುವ ಯಂತ್ರ ಅಲ್ಲೇ ಇದೆ, ಯಂತ್ರ ತಿರುಗಿದರೆ ಒಳಗೆಲ್ಲ ಬಿಳಿ ದೂಳು, ಗಿರಾಕಿಗಳು ಬೇರೆ. ಮನೆಯ ಹೆಂಗಸರು ಓಡಾಡುವುದು ಈ ಸಂದಿಯಿಂದ. ಅವಳ ಅತ್ತೆಗೆ ಉಬ್ಬಸ. ಆ ಹತ್ತಿ ದೂಳಿನಲ್ಲಿ ಎರಡು ಹೆಜ್ಜೆ ಇಟ್ಟರೆ ಮುದುಕಿಗೆ ಉಸಿರು ಕಟ್ಟುತ್ತದೆ. ಆಸ್ಪತ್ರೆಗೆ ಹೋಗಬೇಕಾದರೂ ಸಂದಿಯಿಂದಲೇ ಕರೆದುಕೊಂಡು ಹೋಗುತ್ತಾರೆ.

ಪತ್ರದ ಪ್ರಕಾರ ಆ ಮೂರಡಿ ನಮ್ಮದು. ಆದರೆ ನಮ್ಮ ಮಾವನವರೂ ಆ ಮನೆಯ ಯಜಮಾನರೂ ಗೆಳೆಯರು. ಅವರು ಅಂಗಡಿ ಹಾಕಿದಾಗ ಮಾವನವರು, ನಿಮ್ಮ ಹೆಣ್ಣುಮಕ್ಕಳು ಇಲ್ಲಿ ಓಡಾಡಲಿ, ನಮ್ಮ ವಂಶ ಇರುವ ತನಕ ಮುಚ್ಚುವುದಿಲ್ಲ ಅಂತ ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟಿದ್ದರಂತೆ. ಕಾಗದ ಇಲ್ಲ. ಮಾವನವರು ಕೊನೆಗಾಲದಲ್ಲಿ ಮನೆಯನ್ನು ಮಗನ ಹೆಸರಿಗೆ ಮಾಡದೆ ನನ್ನ ಹೆಸರಿಗೆ ಮಾಡಿದರು. "ಅವ್ನು ಮರ್ತುಬುಡ್ತಾನೆ ಕಣಮ್ಮ, ನೀನು ಮರೀಬ್ಯಾಡ" ಅಂದರು. ಏನನ್ನು ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಕೈ ತೊಳೆದು ಬಂದು ಫೋನು ನೋಡಿದೆ. ನಕ್ಷೆಯಲ್ಲಿ ಸಂದಿ ಇದ್ದ ಕಡೆ ಮೆಟ್ಟಿಲು ಬರೆದಿತ್ತು. ಬೀದಿಯ ಕಡೆ ಒಂದು ಗೇಟು. ಅದರ ಕೆಳಗಿನ ಪುಟ ನಾನು ಸಹಿ ಮಾಡಿದ ಘೋಷಣೆ. "ಸದರಿ ನಿವೇಶನದ ಯಾವ ಭಾಗದಲ್ಲೂ ಬೇರೆಯವರು ಓಡಾಡುವ ರೂಢಿಯಾಗಲಿ ಹಕ್ಕಾಗಲಿ ಇರುವುದಿಲ್ಲ" ಅಂತ. ಅದರ ಕೊನೆಯಲ್ಲಿ, "ಮೇಲಿನ ಎಲ್ಲವನ್ನೂ ನಾನೇ ಖುದ್ದಾಗಿ ಓದಿ ತಿಳಿದು ಸಹಿ ಮಾಡಿರುತ್ತೇನೆ." ಅದರ ಕೆಳಗೆ ನನ್ನ ಸಹಿ, ದುಂಡಗೆ, ಸ್ಪಷ್ಟವಾಗಿ. ಅಷ್ಟು ಚೆನ್ನಾಗಿ ನಾನು ಬ್ಯಾಂಕಿನಲ್ಲೂ ಸಹಿ ಹಾಕಿಲ್ಲ.

ನಾನು ಅದನ್ನು ಓದಿರಲಿಲ್ಲ.

ನನ್ನ ತವರು ಪಾವಗಡದ ಆಚೆ, ನಾಗಲಮಡಿಕೆ ಹತ್ತಿರದ ಊರು. ನಮ್ಮಲ್ಲಿ ಶಿವರಾತ್ರಿ ಕಳೆದ ವಾರದೊಳಗೆ ಅಣ್ಣನೋ ತಮ್ಮನೋ ಅಕ್ಕತಂಗಿಯರ ಮನೆಗೆ ಹೋಗಿ ಮಡಿಲು ತುಂಬಬೇಕು. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ, ಎಲೆ ಅಡಿಕೆ. ಸೆರಗೊಡ್ಡಿ ಇಸಿದುಕೊಳ್ಳಬೇಕು. ಹಾಗೆ ಸೆರಗಿಗೆ ಬಿದ್ದದ್ದನ್ನು ಕೊಟ್ಟವನ ಎದುರಿಗೆ ಬಿಚ್ಚಿ ನೋಡಬಾರದು, ಎಣಿಸಬಾರದು, ಅಳೆಯಬಾರದು. ನೋಡಿದರೆ ತವರನ್ನು ನಂಬಲಿಲ್ಲ ಅಂದ ಹಾಗೆ. ನಮ್ಮವ್ವ ಇದನ್ನು ಎಷ್ಟು ಸಲ ಹೇಳಿದ್ದಳೋ. ಬೇರೆಲ್ಲದರಲ್ಲೂ ಸಿಕ್ಕ ಸಣ್ಣಪುಟ್ಟದ್ದನ್ನು ಎಣಿಸಿ ಶಿವನಿಗೆ ಒಪ್ಪಿಸುವ ಚಟ ನನಗೆ. ತವರಿನದನ್ನು ಮಾತ್ರ ಎಣಿಸಿದವಳಲ್ಲ.

ತಮ್ಮ ಡಿಪ್ಲೊಮಾ ಮಾಡಿ ಮಧುಗಿರಿಯಲ್ಲಿ ಮನೆ ನಕ್ಷೆ ಬರೆದುಕೊಡುವ ಆಫೀಸು ಇಟ್ಟಿದ್ದಾನೆ. ಲೈಸೆನ್ಸು ಇದೆ. ಅವ್ವ ಹೊಲಕ್ಕೆ ಹೋದರೆ ಅವನನ್ನು ಕಂಕುಳಲ್ಲಿ ಹೊತ್ತು ಆಡಿಸಿದವಳು ನಾನು. ಈ ಸಲ ಮಡಿಲಕ್ಕಿಯ ತಟ್ಟೆಯಲ್ಲಿ ಕಣದ ಮೇಲೆ ಮಡಿಸಿದ ಛಾಪಾಕಾಗದವನ್ನೂ ಇಟ್ಟು ತಂದ.

"ಏಮಕ್ಕಾ, ಈ ಸಲ ಮಡ್ಲಿಗೆ ಮನೇನೇ ಹಾಕ್ತಾವ್ನಿ" ಅಂದ.

ನಾನು ಅಕ್ಕಿಯ ಜೊತೆ ಅದನ್ನೂ ಸೆರಗಿಗೆ ಇಸಿದುಕೊಂಡೆ. ದೇವರ ಗೂಡಿನ ಮುಂದೆ ಇಟ್ಟು ವಿಭೂತಿ ಹಚ್ಚಿದೆ.

"ಆಫೀಸ್ನೋರು ಬಂದು ನೋಡೋದು, ಅಳೆಯೋದು ಯಾವಾಗಪ್ಪಾ?" ಅಂತ ಕೇಳಿದ್ದೆ.

"ಅವೆಲ್ಲ ಹೋಯ್ತಕ್ಕಯ್ಯಾ. ಮೊದ್ಲು ಪ್ಲಾನ್ ಪಾಸಾಗ್ಬೇಕು ಅಂದ್ರೆ ಚಪ್ಲಿ ಸವೀತಿತ್ತು. ಈಗ ಸಣ್ಣ ಸೈಟು, ತಕರಾರಿಲ್ದ ಜಾಗ, ಸಲೀಸು ಮನೆ ಅಂದ್ರೆ ನನ್ ಸೈನು, ನಿನ್ ಸೈನು. ಬೆಳಿಗ್ಗೆ ಕಂಪ್ಯೂಟ್ರಿಗೆ ಏರ್ಸುದ್ರೆ ಮಾರ್ನೆ ದಿವ್ಸ ಪರವಾನಗಿ."

"ಮತ್ತೆ ಸುಳ್ಳು ಬರ್ದು ಕೊಟ್ರೆ?"

"ನಂಬ್ತಾರೆ ಅಕ್ಕಯ್ಯಾ. ನಂಬಿಕೆ ಮೇಲೇನೇ ನಡೆಯೋದಿದು."

ನನ್ನ ಗಂಡ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಪುಟ ತಿರುಗಿಸಲಿಲ್ಲ. ನಾನು ಎಲ್ಲಿ ಅಂತ ಕೇಳಿದೆ, ತಮ್ಮ ಬೆರಳಿಟ್ಟು ತೋರಿಸಿದ. ಸಹಿ ಹಾಕಿದೆ. ಅವನು ಅರ್ಜಿ ಏರಿಸಿದ ಬೆಳಿಗ್ಗೆ ನನ್ನ ಫೋನಿಗೊಂದು ನಂಬರು ಬಂತು, ಅದನ್ನೂ ಅವನಿಗೆ ಹೇಳಿದೆ. ಆಗ ನಾನು ಪೂಜೆಯಲ್ಲಿದ್ದೆ. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಫೋನು. ಆ ಆರು ಅಂಕಿ ಹೇಳಿದ್ದು ನಾನೇ.

ತಮ್ಮನಿಗೆ ಫೋನು ಮಾಡಿದೆ. ಹಿಂದೆ ಬಸ್ಸುಗಳ ಹಾರನ್ನು ಕೇಳುತ್ತಿತ್ತು.

"ಸಂದಿ ಎಲ್ಲೋಯ್ತು?" ಅಂದೆ.

"ಯಾವ್ ಸಂದಿ?"

"ನೀನು ಚಿಕ್ಕೋನಾಗಿ ರಜಕ್ಕೆ ಬಂದಾಗ ಗೋಲಿ ಆಡ್ತಿದ್ದಲ್ಲ, ಆ ಸಂದಿ."

"ಅಕ್ಕಯ್ಯಾ, ಸಂದಿ ತೋರ್ಸುದ್ರೆ ಸೈಟು ಇಪ್ಪತ್ತೇಳಡಿ ಆಯ್ತದೆ, ಪತ್ರಕ್ಕೂ ಜಾಗಕ್ಕೂ ತಾಳೆ ಆಗಲ್ಲ. ಅಲ್ಲಿಗೆ ಈ ದಾರಿ ಬಂದ್. ಹಳೇ ದಾರೀಲಿ ಹೋಗ್ಬೇಕು. ಸರ್ವೆ, ನೋಟೀಸು, ಪಕ್ಕದೋರ ಒಪ್ಪಿಗೆ. ಮುಂಗಾರಲ್ಲ, ಹಿಂಗಾರ್ಗೂ ಆಗಲ್ಲ. ಪರವಾಲೇದು, ಯಾರೂ ಕೇಳಲ್ಲ."

ಪರವಾಲೇದು ಅಂದರೆ ನಮ್ಮ ತವರಿನ ಕಡೆಯ ತೆಲುಗಿನಲ್ಲಿ ಪರವಾಗಿಲ್ಲ ಅಂತ. ಬಿದ್ದು ಮಂಡಿ ತರಚಿಕೊಂಡಾಗ ಅವನಿಗೆ ನಾನು ಹೇಳುತ್ತಿದ್ದ ಮಾತು.

"ಇದು ನಿನ್ ತಲೆಗೆ ಬಂದಿದ್ದಾ?" ಅಂತ ಕೇಳಿದೆ.

"ಭಾವ ಹೇಳುದ್ರು" ಅಂದ.

ಆ ದಿನ ಮಧ್ಯಾಹ್ನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಪಕ್ಕದಾಕೆಗೆ ಹೋಗಿ ಹೇಳಬೇಕು ಅನ್ನಿಸಿತು. ಏನಂತ ಹೇಳುವುದು? ಗಂಡನ ಬಾಯಿಂದ ಕೇಳಿಕೊಂಡು ಹೋಗೋಣ ಅಂತ ಕಾದೆ. ಆ ಮಧ್ಯಾಹ್ನ ಕಾದದ್ದು ತಪ್ಪು ಅಂತ ಈಗ ಅನ್ನಿಸುತ್ತದೆ.

ನನ್ನ ಗಂಡ ಹೈಸ್ಕೂಲಿನಲ್ಲಿ ಗುಮಾಸ್ತರು. ಐದೂವರೆಗೆ ಬಂದರು. ಕಾಫಿ ಲೋಟ ಕೈಗೆ ಕೊಡದೆ ನೆಲದ ಮೇಲಿಟ್ಟೆ. ಅದರಲ್ಲೇ ಅವರಿಗೆ ತಿಳಿಯಿತು.

"ಮೆಟ್ಲು ಎಲ್ಲಿಂದ ಹತ್ತುಸ್ಲಿ, ನಿನ್ ತಲೆ ಮೇಲಿಂದ್ಲಾ?" ಅಂದರು. "ನಮ್ದೇ ಜಾಗ. ಪತ್ರದಾಗೆ ಮೂವತ್ತಡಿ ಐತೆ. ಸಂದಿ ಅನ್ನೋ ಪದ್ವೇ ಇಲ್ಲ."

"ಬಾಯ್ಮಾತಿತ್ತಲ್ರೀ."

"ಬಾಯ್ಮಾತ್ನ ಕಂಪ್ಯೂಟ್ರಿಗೆ ಹಾಕಕ್ಕಾಗಲ್ಲ ಕಣೆ."

"ನಿಮ್ಮಪ್ಪ ಲಿಂಗ ಮುಟ್ಟಿ ಹೇಳಿದ್ದು."

"ನಮ್ಮಪ್ಪ ಬದುಕಿದ್ದಾಗ ತೊಲೆ ಗಟ್ಟಿಯಾಗಿತ್ತು. ಆ ಕಂಬ ಜಾರಿ ನಿನ್ ಮೇಲೆ ಬಿದ್ರೆ ಆ ಮಾತು ಬಂದು ಎತ್ತಿ ಹಿಡೀತದಾ?"

ಅದು ಸುಳ್ಳಲ್ಲ. ನನ್ನ ಮೇಲಿನ ಅಕ್ಕರೆಯೂ ಆ ಮಾತಿನಲ್ಲಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಹೇಳಬಹುದಿತ್ತು. "ನಂಗ್ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ನೀನು ಸೈನ್ ಹಾಕ್ತಿದ್ಯಾ?"

ಇಷ್ಟು ನೇರವಾಗಿ ಹೇಳಿದರು. ನಾನು ಹಾಕುವುದಿಲ್ಲ ಅಂತ ತಿಳಿದೇ, ಓದದೆ ಹಾಕುವ ದಿನ ಯಾವುದು ಅಂತ ಲೆಕ್ಕ ಹಾಕಿ, ತಮ್ಮನ ಕೈಯಲ್ಲಿ, ಮಡಿಲಕ್ಕಿಯ ತಟ್ಟೆಯಲ್ಲಿಟ್ಟು ತರಿಸಿದ್ದರು. ನನ್ನ ತವರಿನ ಪದ್ಧತಿ ನನ್ನ ಗಂಡನಿಗೆ ಇಷ್ಟು ಚೆನ್ನಾಗಿ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಮಸೀದಿಯಲ್ಲಿ ಸಂಜೆಯ ಕೂಗು ಆಗಿ, ಅವರು ಉಪವಾಸ ಬಿಟ್ಟು ಅರ್ಧ ಗಂಟೆ ಕಳೆಯಲಿ ಅಂತ ಇದ್ದು, ಸಂದಿಯಿಂದಲೇ ಹೋದೆ. ಅವಳು ಪಾತ್ರೆ ಎತ್ತಿಡುತ್ತಿದ್ದಳು. ಅವಳ ಅತ್ತೆ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. "ಆವ್ ಬೇಟಿ" ಅಂದು ಎರಡು ಖರ್ಜೂರ ಕೈಗಿಟ್ಟರು. ಅವರಿಗೆ ಏನೂ ಹೇಳಿಲ್ಲ ಅಂತ ತಿಳಿಯಿತು.

ನಾನು ಅವಳನ್ನು ಬಾಗಿಲ ಹತ್ತಿರ ಕರೆದು ಎಲ್ಲ ಹೇಳಿದೆ. ಓದಿರಲಿಲ್ಲ ಅಂದೆ. ತಮ್ಮ ಮಾಡಿದ್ದು, ಇವರು ಮಾಡಿಸಿದ್ದು, ಮುಚ್ಚಿಡಲಿಲ್ಲ. "ನಾನೇ ಹೋಗಿ ಆಫೀಸ್ನಲ್ಲಿ ಬರ್ದು ಕೊಟ್ಟು ವಾಪಸ್ ತಗಂತೀನಿ. ಲಿಂಗದಾಣೆ" ಅಂದೆ.

ಅವಳು ನೆಲ ನೋಡುತ್ತಾ ನಿಂತಿದ್ದಳು. "ಆಯ್ತು ಬುಡಿ ಅಕ್ಕಾ. ನಿಮ್ ಮಾತು ನಂಗೆ ಸಾಕು" ಅಂದಳು.

ಆ ಒಂದು ಮಾತನ್ನು ಹಿಡಿದುಕೊಂಡು ಮನೆಗೆ ಬಂದೆ. ಗಂಡ ಹೋದರೂ, ತಮ್ಮ ಹೋದರೂ, ಇವಳು ನನ್ನನ್ನು ನಂಬಿದಳಲ್ಲ, ಶಿವನೇ, ಇಷ್ಟು ಉಳಿಸಿದೆಯಲ್ಲ ಅಂದುಕೊಂಡೆ.

ಪರವಾನಗಿ ವಾಪಸ್ಸು ಮಾಡುತ್ತೇನೆ ಅಂತ ರಾತ್ರಿ ಇವರಿಗೂ ಹೇಳಿದೆ. ಇವರಿಂದ ಸುದ್ದಿ ತಿಳಿದು ಮಾರನೆಯ ದಿನ ತಮ್ಮ ಮಧುಗಿರಿಯಿಂದ ಬಸ್ಸು ಹತ್ತಿ ಬಂದ. ಕೈಯಲ್ಲಿ ಹೂವು ಹಣ್ಣು ಇರಲಿಲ್ಲ. ನಡುಮನೆಯಲ್ಲಿ ಕೂರದೆ ಅಡಿಗೆಮನೆಗೇ ಬಂದು ಕಂಬಕ್ಕೆ ಒರಗಿ ನಿಂತ.

"ನೀನು ಬರ್ದು ಕೊಟ್ರೆ ಪರವಾನಗಿ ರದ್ದಾಗೋದಲ್ಲದೆ ನಂಗೆ ನೋಟೀಸ್ ಬತ್ತದೆ ಅಕ್ಕಯ್ಯಾ. ಲೈಸೆನ್ಸ್ ಹೋದ್ರೆ ನನ್ ಗತಿ? ಹೆಂಡ್ರು ಮಕ್ಳು ಇಟ್ಕಂಡು ಎಲ್ಲೋಗ್ಲಿ?"

"ಸುಳ್ಳು ಬರೆಯೋ ಮುಂಚೆ ಯೋಚ್ನೆ ಮಾಡ್ಬೇಕಿತ್ತು."

"ನಿಂಗೋಸ್ಕರಾನೇ ಮಾಡಿದ್ದು. ನೀನು ಮಳೇಲಿ ಕೊಡೆ ಹಿಡ್ಕಂಡು ಮುದ್ದೆ ತಿರುವೋದು ನೋಡಕ್ಕಾಗ್ದೆ."

"ನಂಗೋಸ್ಕರ ಅಂದ್ಮೇಲೆ ನಂಗೆ ಓದಿ ಹೇಳ್ಬೇಕಿತ್ತಲ್ಲ ಮಗಾ."

ಊಟಕ್ಕೆ ಬಡಿಸಿದೆ, ತಿಂದ. ಎಷ್ಟೇ ಕೋಪವಿದ್ದರೂ ತಟ್ಟೆ ಮುಂದೆ ಕೂತರೆ ಎರಡನೇ ಮುದ್ದೆ ಬೇಡ ಅನ್ನುವವನಲ್ಲ. ನಾನು ಸಾರು ಬಿಡುತ್ತಾ ಇವನ ಲೈಸೆನ್ಸು ಹೋದರೆ ಅಂತ ಯೋಚಿಸಿದೆ. ಆ ದಿನವಿಡೀ ನನ್ನ ಮನಸ್ಸು ತೂಗಾಡಿತು. ಸುಮ್ಮನಿದ್ದುಬಿಡೋಣ, ಪಕ್ಕದಾಕೆ ಹೇಗೂ ಸಾಕು ಬಿಡಿ ಅಂದಿದ್ದಾಳೆ, ಮೆಟ್ಟಿಲನ್ನು ಒಳಗೆ ಮಾಡಿಸಿಕೊಂಡರಾಯಿತು ಅಂತಲೂ ಅನ್ನಿಸಿತು. ಆದರೆ ಗೇಟು ನಕ್ಷೆಯಲ್ಲಿತ್ತು, ನಕ್ಷೆಯ ಕೆಳಗೆ ನನ್ನ ಸಹಿ ಇತ್ತು. ನಾಳೆ ನಾನು ಸತ್ತರೆ ಆ ಸಹಿಯೇ ಸತ್ಯವಾಗಿ ನಿಲ್ಲುತ್ತದೆ.

ಮೂರನೆಯ ದಿನ ಪೂಜೆ ಮುಗಿಸಿ, ಬಿಳಿಹಾಳೆಯಲ್ಲಿ ಅರ್ಜಿ ಬರೆದುಕೊಂಡು ನಗರಸಭೆ ಆಫೀಸಿಗೆ ಹೋದೆ. ತಮ್ಮನ ಹೆಸರು ಬರೆಯಲಿಲ್ಲ. ಓದದೆ ಸಹಿ ಹಾಕಿದ್ದು ನನ್ನ ತಪ್ಪು, ಸಂದಿಯಲ್ಲಿ ಪಕ್ಕದ ಮನೆಯವರು ಓಡಾಡುವ ರೂಢಿ ಇರುವುದು ನಿಜ, ಪರವಾನಗಿ ರದ್ದು ಮಾಡಿ ಅಂತ ನಾಲ್ಕೇ ಸಾಲು. ಅಲ್ಲಿ ಇದನ್ನು ನೋಡಿಕೊಳ್ಳುವವಳು ಚಿಕ್ಕ ವಯಸ್ಸಿನ ಹುಡುಗಿ, ಎಂಜಿನಿಯರು. ಕುರ್ಚಿ ಕೊಟ್ಟು ಕೂರಿಸಿದಳು. ಅಷ್ಟು ಜನ ನಿಂತಿದ್ದಾಗ ನನಗೊಂದು ಕುರ್ಚಿ ಸಿಕ್ಕಿತು.

ಅರ್ಜಿ ಓದಿ ಅವಳು ನನ್ನ ಮುಖ ನೋಡಿದಳು. "ಅಮ್ಮಾ, ಜನ ಪರವಾನಗಿ ಬೇಗ ಕೊಡಿ ಅಂತ ಬರ್ತಾರೆ. ವಾಪಸ್ ತಗೊಳ್ಳಿ ಅಂತ ಬಂದಿರೋದು ನೀವೇ ಮೊದ್ಲು."

"ಸುಳ್ಳು ಬರ್ದಿತ್ತಮ್ಮಾ ಅದ್ರಲ್ಲಿ."

"ಗೊತ್ತು. ನಿಮ್ ಫೈಲ್ ಆಗ್ಲೇ ತಡೆ ಹಿಡಿದಿದೀವಿ. ಆಕ್ಷೇಪಣೆ ಬಂದಿದೆ." ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು.

ಅಕ್ಷರ ಯಾರದು ಅಂತ ಓದದೆಯೇ ಗೊತ್ತಾಯಿತು. ಉಪ್ಪಿನಕಾಯಿ ಜಾಡಿಗಳ ಮೇಲೆ ಅಂಟಿಸುವ ಚೀಟಿಗಳನ್ನು ಇಬ್ಬರ ಮನೆಗೂ ಅವಳೇ ಬರೆಯುವುದು. ಮೇಲೆ ಆಫೀಸಿನ ಮೊಹರು, ಒಳಬಂದ ದಿನ, ವೇಳೆ. ಹುಣಸೆಹಣ್ಣು ಬಡಿದ ದಿನವೇ. ಮಧ್ಯಾಹ್ನ ಮೂರು ಗಂಟೆ.

ಅಂದರೆ ಅವಳು ಆ ಬಿಸಿಲಿನಲ್ಲಿ, ಬಾಯಿಗೆ ನೀರಿಲ್ಲದೆ, ನಾನು ಗಂಡನಿಗಾಗಿ ಕಾಯುತ್ತಾ ಕೂತಿದ್ದಾಗ, ಬಂದು ಕೊಟ್ಟು ಹೋಗಿದ್ದಳು. ಸಂಜೆ ನಾನು ಲಿಂಗದಾಣೆ ಮಾಡಿದಾಗ, ಅವಳು ನಿಮ್ಮ ಮಾತು ಸಾಕು ಅಂದಾಗ, ಈ ಹಾಳೆ ಈ ಟೇಬಲ್ಲಿನ ಮೇಲಿತ್ತು.

ಈ ಸಲ ಪೂರ್ತಿ ಓದಿದೆ. ಎರಡು ಸಲ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಮ್ಮನ್ನು ಬೈದಿರಲಿಲ್ಲ. ಮಾವನವರು ಕೊಟ್ಟ ಮಾತನ್ನು ಗೌರವದಿಂದಲೇ ಬರೆದಿದ್ದಳು. ಒಂದು ಸಾಲು ಮಾತ್ರ ನನ್ನ ಎದೆಗೆ ನಾಟಿತು. "ಸದರಿ ಮಾಲೀಕರು ಬಾಯಲ್ಲಿ ಹೇಳದೆ, ಪರವಾನಗಿ ಪತ್ರವನ್ನು ನನ್ನ ಕೈಯಲ್ಲೇ ಓದಿಸಿ ವಿಷಯ ತಿಳಿಸಿರುತ್ತಾರೆ."

"ನಿಮ್ ಅರ್ಜಿ ಕೊಡ್ಲೇಬೇಕು ಅಂತೇನಿಲ್ಲಮ್ಮಾ" ಅಂದಳು ಆ ಹುಡುಗಿ, ನನ್ನ ಮುಖ ನೋಡಿ ಏನು ತಿಳಿದಳೋ. "ಆಕ್ಷೇಪಣೆ ಮೇಲೆ ನಾವೇ ಬಂದು ನೋಡ್ತೀವಿ. ನಿಮ್ದು ಪತ್ರ ಗಟ್ಟಿಯಾಗಿದೆ. ನೀವು ಸುಮ್ನಿದ್ರೆ ನಿಮ್ ಕಡೆಗೇ ಆಗ್ಲೂಬಹುದು."

ಆ ಕ್ಷಣದಲ್ಲಿ ನನಗೆ ಅರ್ಜಿ ವಾಪಸ್ಸು ತೆಗೆದುಕೊಳ್ಳಬೇಕು ಅನ್ನಿಸಿದ್ದು ನಿಜ. ಇಲ್ಲಿ ಬರೆಯುವಾಗ ಅದನ್ನು ಬಿಡುವುದು ಸರಿಯಲ್ಲ. ಕೈ ಹಾಳೆಯ ತುದಿಯವರೆಗೂ ಹೋಗಿತ್ತು. ಯಾರಿಗೋಸ್ಕರ ನಾನು ಗಂಡನನ್ನೂ ತಮ್ಮನನ್ನೂ ಎದುರು ಹಾಕಿಕೊಂಡೆನೋ ಅವಳೇ ನನ್ನನ್ನು ನಂಬಿರಲಿಲ್ಲ. ಆಮೇಲೆ ಮುದುಕಿಯ ಉಬ್ಬಸ ನೆನಪಾಯಿತು. ಸಂದಿಯಲ್ಲಿ ಗೋಡೆ ಹಿಡಿದುಕೊಂಡು ನಿಂತು ನಿಂತು ಹೋಗುವ ಆ ಜೀವ ನನಗೆ ಯಾವ ಅರ್ಜಿಯನ್ನೂ ಬರೆದಿರಲಿಲ್ಲ. ಮಾವನವರ ಮಾತೂ ಅವಳು ನನ್ನನ್ನು ನಂಬಿದರೆ ಮಾತ್ರ ಅಂತ ಇರಲಿಲ್ಲ.

"ತಗಳಿ" ಅಂದು ಅರ್ಜಿ ಮುಂದಕ್ಕೆ ತಳ್ಳಿದೆ. ಮೊಹರು ಹಾಕಿಸಿಕೊಂಡು ಬಂದೆ.

ಸಂದಿಯಲ್ಲಿ ಅವಳು ಸಿಕ್ಕಳು, ಬುರ್ಖಾ ಹಾಕಿಕೊಂಡು ಎಲ್ಲಿಗೋ ಹೊರಟಿದ್ದಳು. ಮೂರಡಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕು. ಇಬ್ಬರೂ ಸರಿದೆವು.

"ಕೊಟ್ಟು ಬಂದೆ" ಅಂದೆ. "ನಿನ್ ಅರ್ಜಿನೂ ನೋಡ್ದೆ."

ಅವಳ ಮುಖ ಬಿಳುಪೇರಿತು. ಆದರೆ ತಲೆ ತಗ್ಗಿಸಲಿಲ್ಲ. "ನಾನೇನ್ ಮಾಡ್ಲಿ ಅಕ್ಕಾ. ಕೈ ಅಂಟು ಅಂದ್ರಿ, ನನ್ ಕೈಲಿ ಓದ್ಸಿದ್ರಿ. ಬಾಯಲ್ಲಿ ಹೇಳಕ್ಕಾಗ್ದೆ ಹಂಗ್ ಮಾಡಿದ್ರಿ ಅನ್ಕಂಡೆ."

"ಸಾಯಂಕಾಲ ನಾನು ಬಂದು ಹೇಳಿದ್ನಲ್ಲ. ಆಗ್ಲಾದ್ರೂ ಕೊಟ್ಟಿದೀನಿ ಅನ್ಬೋದಿತ್ತು."

"ಅನ್ಬೋದಿತ್ತು. ಹಂಗಂದ್ಮೇಲೆ ನೀವು ನಿಮ್ ಅರ್ಜಿ ಕೊಡ್ದೆ ಹೋಗಿದ್ರೆ? ಅಣ್ಣಾವ್ರು ಒಪ್ಪಲ್ಲ, ನಿಮ್ ತಮ್ಮ ಒಪ್ಪಲ್ಲ. ನೀವೊಬ್ರೇ ಎಷ್ಟು ದಿನ ತಡ್ಕಂತೀರಿ?"

"ಲಿಂಗದಾಣೆ ಮಾಡಿದ್ದೆ ಕಣೇ ನಿನ್ ಮುಂದೆ."

"ನಿಮ್ ಮಾವನೂ ಲಿಂಗ ಮುಟ್ಟೇ ಹೇಳಿದ್ದು ಅಕ್ಕಾ" ಅಂದಳು. ಜರೆಯುವ ದನಿಯಲ್ಲ. ಇದ್ದದ್ದನ್ನು ಹೇಳಿದಳು ಅಷ್ಟೇ.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆನೇನೋ. ಕಾಗದದಲ್ಲಿ ಕಂಡದ್ದು ನನ್ನ ಸಹಿ. ಅದು ಹೇಗೆ ಬಿತ್ತು ಅಂತ ಅದರ ಮೇಲೆ ಬರೆದಿರುವುದಿಲ್ಲ. ಇಷ್ಟೆಲ್ಲ ತಿಳಿದೂ ನೋವು ಕಡಿಮೆಯಾಗಲಿಲ್ಲ. ಅವಳನ್ನು ನಾನು ನಮ್ಮವ್ವನಿಗಿಂತ ಹೆಚ್ಚು ದಿನ ನೋಡಿದ್ದೇನೆ. ಅವಳ ಎರಡು ಹೆರಿಗೆಯಲ್ಲೂ ಬಿಸಿನೀರು ಕಾಯಿಸಿದ್ದು ನಾನು. ಒಂದು ಹಾಳೆ ಅದನ್ನೆಲ್ಲ ಒಂದೇ ದಿನದಲ್ಲಿ ಅಳಿಸಿತು. ಪರವಾನಗಿ ಬರಲು ಎಷ್ಟು ಹೊತ್ತು ಹಿಡಿಯಿತೋ ಅಷ್ಟೇ.

ವಾರ ಕಳೆದ ಮೇಲೆ ತಮ್ಮನಿಗೆ ನೋಟೀಸು ಹೋಯಿತು. ಫೋನು ಮಾಡಿದ. ಬೈಯಲಿಲ್ಲ. "ಇನ್ನು ನಿನ್ ಹೊಸ್ಲು ತುಳಿಯಲ್ಲ ಅಕ್ಕಯ್ಯಾ. ನೀನೂ ಬರ್ಬೇಡ" ಅಂದು ಇಟ್ಟ. ಲೈಸೆನ್ಸು ರದ್ದಾಗಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ ಅಂತ ಅವನ ಹೆಂಡತಿಯಿಂದ ತಿಳಿಯಿತು. ಅಂದು ಎರಡು ದೀಪ ಹೆಚ್ಚಿಗೆ ಹಚ್ಚಿದೆ.

ನಮ್ಮ ಅರ್ಜಿ ಈಗ ಹಳೇ ದಾರಿಯಲ್ಲಿದೆ. ಇಪ್ಪತ್ತೇಳಡಿಗೆ ಬೇರೆ ನಕ್ಷೆ, ಬೇರೆ ಎಂಜಿನಿಯರು. ಸರ್ವೆಯವರು ಬರಬೇಕು, ಪಕ್ಕದ ಮನೆಯವರಿಗೆ ನೋಟೀಸು ಹೋಗಬೇಕು, ಅವರು ಸಹಿ ಹಾಕಬೇಕು. ಹಾಕುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಮುಂಗಾರು ಹೋಯಿತು. ಗಂಡ ಬಾಗಿದ ತೊಲೆಗೆ ಇನ್ನೊಂದು ಕಂಬ ಕೊಡಿಸಿದ್ದಾರೆ. ಊಟಕ್ಕೆ ಬಡಿಸು, ಬೀಗ ಎಲ್ಲಿ, ಇಷ್ಟು ಮಾತು ನಮ್ಮಲ್ಲಿ. ನಾನು ಅವರ ಕಾಗದಗಳಿಗೆ ಸಹಿ ಹಾಕಬೇಕಾದಾಗ ಕನ್ನಡಕ ಹುಡುಕುತ್ತೇನೆ, ಅವರು ಕಾಯುತ್ತಾ ನಿಲ್ಲುತ್ತಾರೆ. ಇಬ್ಬರಿಗೂ ಅದು ಹಿತವಲ್ಲ.

ಪಕ್ಕದವರು ಸಂದಿಯಲ್ಲಿ ಓಡಾಡುತ್ತಾರೆ. ಮೊದಲು ನಮ್ಮ ಅಡಿಗೆಮನೆಯ ಕಿಟಕಿ ಬಂದರೆ ಅವಳು ನಿಂತು, ಏನು ಸಾರು ಅಂತ ಕೇಳಿ ಹೋಗುತ್ತಿದ್ದಳು. ಈಗ ಚಪ್ಪಲಿಯ ಸದ್ದು ಕಿಟಕಿಯ ಹತ್ತಿರ ಬಂದಾಗ ಬೇಗ ಬೇಗ ಆಗುತ್ತದೆ. ಮುದುಕಿ ಮಾತ್ರ ಇನ್ನೂ ಗೋಡೆ ಹಿಡಿದು ನಿಲ್ಲುತ್ತಾರೆ. ಉಸಿರು ಸರಿಹೋಗುವ ತನಕ ನಾನು ಒಳಗೆ ಸದ್ದು ಮಾಡದೆ ಇರುತ್ತೇನೆ. ಆ ಉಸಿರು ನನಗೆ ಕೇಳಿಸುತ್ತದೆ. ಅಷ್ಟಾದರೂ ಉಳಿಯಿತು.

ಇಷ್ಟು ಬರೆಯುವಾಗ ಬೀದಿಯಲ್ಲಿ ಕೊಡಗಳ ಸದ್ದು ಶುರುವಾಗಿದೆ. ನಾಲ್ಕು ದಿನದ ಮೇಲೆ ನಲ್ಲಿಯಲ್ಲಿ ನೀರು ಬಂದಿದೆ. ಒಂದು ಗಂಟೆಯೂ ನಿಲ್ಲುವುದಿಲ್ಲ. ಡ್ರಮ್ಮಿನ ತಳದಲ್ಲಿ ಪಾಚಿ ಕಟ್ಟಿದೆ, ಮೊದಲು ಅದನ್ನು ತಿಕ್ಕಿ ತೊಳೆದು ಆಮೇಲೆ ಹಿಡಿಯಬೇಕು.